ನಾಲ್ಕು ಡಿಸ್ಕಿಗೆ ಹಚ್ಚಿದ ವಿಭೂತಿ

ನಮ್ಮ ನಡುಮನೆಯಲ್ಲಿ, ಟಿವಿಯ ಪಕ್ಕ, ಬೂದು ಬಣ್ಣದ ಒಂದು ತಗಡಿನ ಪೆಟ್ಟಿಗೆ ಇದೆ. ಬಂದವರೆಲ್ಲ ಅದನ್ನು ಸ್ಟೆಬಿಲೈಸರ್ ಎಂದುಕೊಳ್ಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ತಿದ್ದಿದರೆ ವಿವರಿಸಬೇಕು, ಮತ್ತು ಒಂದು ಕಂಪನಿಯ ಸರ್ವರ್‌ಗಳನ್ನು ಕಾಯುವ ಕೆಲಸದಲ್ಲಿರುವ ನನಗೆ ದಿನವಿಡೀ ವಿವರಿಸಿ ವಿವರಿಸಿ ಬಾಯಿ ಸೋತಿರುತ್ತದೆ. ಅಲ್ಲದೆ ಆ ಪೆಟ್ಟಿಗೆ ನನ್ನದಲ್ಲ, ನನ್ನ ಮಾವನವರದು.

ಮಾವ ಕಲಬುರಗಿ ಕಡೆಯವರು. ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ನೌಕರಿಯೆಂದು ಹೈದರಾಬಾದಿಗೆ ಬಂದು, ನಾಚಾರಂನಲ್ಲಿ ಮನೆ ಕಟ್ಟಿಸಿ ಇಲ್ಲೇ ಉಳಿದವರು. ನಿವೃತ್ತಿಯಾದ ಮೇಲೂ ಅವರ ಕೈ ಸುಮ್ಮನಿರಲಿಲ್ಲ. ಹಿಂದಿನ ರಸ್ತೆಯ ಶೆಡ್ಡಿನಲ್ಲಿ ನಿಂತು ತಗಡು ಕತ್ತರಿಸಿ ಬಗ್ಗಿಸಿ ಈ ಪೆಟ್ಟಿಗೆ ಮಾಡಿಸಿದರು. ಒಳಗೆ ಒಂದರ ಕೆಳಗೊಂದು ನಾಲ್ಕು ಗೂಡು, ಪ್ರತಿ ಗೂಡಿಗೆ ಮೇಜಿನ ಡ್ರಾಯರಿನ ಹಾಗೆ ಎಳೆದರೆ ಹೊರಬರುವ ಒಂದು ಹಾರ್ಡ್ ಡಿಸ್ಕ್. ನಾಲ್ಕನ್ನೂ ಒಟ್ಟುಗೂಡಿಸಲು ಸಿಕಂದರಾಬಾದಿನಿಂದ ತಂದ ಒಂದು ಹಳೆಯ ಕಾರ್ಡು. ಗೂಡುಗಳಿಗೆ ಒಂದು, ಎರಡು ಎಂದು ಅಂಕಿ ಹಾಕಿ ಎಂದು ನಾನು ಆಗಲೇ ಹೇಳಿದ್ದೆ. ಮಾಡಿದವನಿಗೆ ಗೊತ್ತಿರುವುದನ್ನು ಬರೆದಿಡುವುದೇಕೆ ಎಂದು ನಕ್ಕುಬಿಟ್ಟರು.

ಪೆಟ್ಟಿಗೆಯ ಸ್ವಭಾವವನ್ನು ಒಂದೇ ಸಲಕ್ಕೆ ಹೇಳಿ ಮುಗಿಸುತ್ತೇನೆ. ಅದರಲ್ಲಿ ಇಟ್ಟ ಯಾವ ಫೈಲೂ ಇಡಿಯಾಗಿ ಒಂದೇ ಡಿಸ್ಕಿನಲ್ಲಿ ಇರುವುದಿಲ್ಲ. ತುಂಡು ತುಂಡಾಗಿ ನಾಲ್ಕಕ್ಕೂ ಹಂಚಿಹೋಗಿರುತ್ತದೆ, ಜೊತೆಗೆ ಒಂದಿಷ್ಟು ಲೆಕ್ಕವೂ ಸೇರಿರುತ್ತದೆ. ಒಂದು ಡಿಸ್ಕ್ ಕೆಟ್ಟರೆ ಉಳಿದ ಮೂರು ಆ ಲೆಕ್ಕದ ಬಲದಿಂದ ಕೆಟ್ಟದ್ದರ ಪಾಲನ್ನು ಮತ್ತೆ ಬರೆದುಕೊಡುತ್ತವೆ. ಯಾವ ತುಂಡು ಯಾವ ಫೈಲಿಗೆ ಸೇರಿದ್ದು ಎಂದು ಹೇಳುವ ನಕ್ಷೆಯೊಂದು ಮೊದಲಿಗೆ ಇರುತ್ತದೆ. ಅದನ್ನೇ ಫೈಲ್‌ಸಿಸ್ಟಮ್ ಎನ್ನುತ್ತೇವೆ. ಈಗಿನ ಕಾರ್ಡುಗಳು ಡಿಸ್ಕುಗಳ ಮುಖ ನೋಡಿಯೇ ಗುರುತು ಹಿಡಿಯುತ್ತವೆ. ಮಾವನ ಕಾರ್ಡು ಹಳೇ ಕಾಲದ್ದು, ಯಾರು ಎಲ್ಲಿ ಕೂರಬೇಕೋ ಅಲ್ಲೇ ಕೂತಿದ್ದರೆ ಮಾತ್ರ ಅದಕ್ಕೆ ಸಮಾಧಾನ.

ಇಷ್ಟೆಲ್ಲ ಜೋಪಾನ ಯಾತಕ್ಕೆ ಅಂದರೆ, ಪಾಠಗಳಿಗೆ. ನನ್ನ ಮಗಳು ಚಿಕ್ಕವಳಿದ್ದಾಗ ಕನ್ನಡವೊಂದನ್ನು ಬಿಟ್ಟು ಉಳಿದೆಲ್ಲ ಮಾತಾಡುತ್ತಿದ್ದಳು. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು, ಆಟೋದವರ ಹತ್ತಿರ ಹಿಂದಿ. ಮನೆಯಲ್ಲಿ ನನ್ನ ಮೈಸೂರು ಕನ್ನಡ ಒಂದು ಕಡೆ, ಅತ್ತೆಯ ಕನ್ನಡ ಇನ್ನೊಂದು ಕಡೆ, ಎರಡರ ನಡುವೆ ಅವಳು ಯಾವುದೂ ಬೇಡವೆಂದು ಬಾಯಿ ಮುಚ್ಚಿಕೊಂಡಿದ್ದಳು. ಆಗ ಮಾವ ದಿನಾ ಬೆಳಿಗ್ಗೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎದುರಿಗೆ ಮೈಕು ಇಟ್ಟು ಪಾಠ ಶುರುಮಾಡಿದರು. ಒಂದು ತಟ್ಟೆಯಲ್ಲಿ ತರಕಾರಿ, ಒಂದು ದಿನ ಪಾತ್ರೆ, ಒಂದು ದಿನ ಬಟ್ಟೆ. ಅವರು ಕೈಯಲ್ಲಿ ಹಿಡಿದು ಏನಿದು ಎಂದು ಕೇಳುವುದು, ಅವಳು ತೆಲುಗಿನಲ್ಲಿ ವಂಕಾಯ ಎನ್ನುವುದು, ಅವರು ನಗುವುದು: "ವಂಕಾಯ ಅಲ್ಲವ್ವಾ. ಬದನಿಕಾಯಿ. ಎಲ್ಲಿ, ಅನ್ನು ನೋಡೋಣು." ಆಮೇಲೆ ಸ್ವಲ್ಪ ಹೊತ್ತು ಮೌನ, ಆಮೇಲೆ ಅವಳ ಪುಟ್ಟ ದನಿ. ಹೀಗೆ ರೆಕಾರ್ಡ್ ಮಾಡಿ ಪೆಟ್ಟಿಗೆಯಲ್ಲಿಟ್ಟ ಪಾಠಗಳು ನೂರಾರು ಇದ್ದವು. ಆ ಮಗಳು ಈಗ ನಾರಾಯಣಗೂಡದ ಕಾಲೇಜಿಗೆ ಹೋಗುತ್ತಾಳೆ, ಕನ್ನಡದಲ್ಲೇ ನನ್ನೊಂದಿಗೆ ಜಗಳವಾಡುತ್ತಾಳೆ.

ಈ ವರ್ಷದ ಬೇಸಿಗೆಯಲ್ಲಿ ಮಾವನಿಗೆ ಪಾರ್ಶ್ವವಾಯು ಹೊಡೆಯಿತು. ನಡೆದಾಡುವ ಮಟ್ಟಿಗೆ ಕೈಕಾಲು ಬೇಗ ಸರಿಹೋದವು, ಮಾತು ಬರಲಿಲ್ಲ. ನಾಲಗೆಗೆ ಏನೂ ಆಗಿಲ್ಲ, ಗಂಟಲು ಸರಿಯಿದೆ, ಕಿವಿ ಚೆನ್ನಾಗಿ ಕೇಳಿಸುತ್ತದೆ, ನಾವು ಹೇಳಿದ್ದು ಅರ್ಥವಾಗುತ್ತದೆ. ಹೇಳಲು ಹೋದರೆ ಮಾತ್ರ ಪದ ಸಿಗುವುದಿಲ್ಲ. ನೀರು, ಕನ್ನಡಕ, ಮಗ, ಹೆಂಡತಿ, ಎಲ್ಲದಕ್ಕೂ "ಇದು" ಎಂಬ ಒಂದೇ ಮಾತು. ಮಾತಿನ ತರಬೇತಿ ಕೊಡುವ ಡಾಕ್ಟರಮ್ಮ ತೆಲುಗಿನವರು. ನಿಮ್ಮ ಮನೆಮಾತು ಕನ್ನಡದಲ್ಲೇ ನೀವೇ ಕಲಿಸಿ, ಈ ಮೊದಲ ತಿಂಗಳುಗಳಲ್ಲಿ ಬಂದಷ್ಟು ಮಾತು ಆಮೇಲೆ ಬರುವುದು ಕಷ್ಟ, ಒಂದು ದಿನವೂ ಬಿಡಬೇಡಿ ಎಂದರು. ಇನ್ನೊಂದನ್ನು ಒತ್ತಿ ಹೇಳಿದರು: ಅವರು ಪದ ಹುಡುಕುತ್ತಿರುವಾಗ ನೀವು ಬಾಯಿ ಹಾಕಿ ತುಂಬಿಕೊಡಬೇಡಿ, ಕಾಯಿರಿ.

ಯಾರು ಹೇಳಿಕೊಟ್ಟರೂ ಮಾವ ಬಾಯಿ ತೆರೆಯುತ್ತಿರಲಿಲ್ಲ. ಅವಮಾನ, ಪಾಪ. ಮಗ ಹೇಳಿದರೆ ಮುಖ ತಿರುಗಿಸುತ್ತಿದ್ದರು, ಹೆಂಡತಿ ಹೇಳಿದರೆ ಸಿಟ್ಟಾಗುತ್ತಿದ್ದರು. ಒಂದು ದಿನ ನನಗೆ ಹಳೆಯ ಪಾಠಗಳು ನೆನಪಾಗಿ ಒಂದನ್ನು ಹಾಕಿದೆ. ಪೆಟ್ಟಿಗೆಯಿಂದ ಅವರದೇ ದನಿ ಬದನಿಕಾಯಿ ಎಂದಿತು, ಅನ್ನು ನೋಡೋಣು ಎಂದಿತು. ಮೊಮ್ಮಗಳಿಗೆಂದು ಬಿಟ್ಟಿದ್ದ ಆ ಮೌನದಲ್ಲಿ ಮಾವ ಬಾಯಿ ತೆರೆದು, ಮಗುವಿನ ದನಿಯ ಜೊತೆಜೊತೆಗೇ, "ಬದ... ಬದನಿ" ಎಂದರು. ಅಂದಿನಿಂದ ದಿನಾ ಚಹಾ ಆದ ಮೇಲೆ ಪಾಠ. ಅತ್ತೆ ತರಕಾರಿ ತಟ್ಟೆ ತಂದಿಡುತ್ತಿದ್ದರು, ಅಜ್ಜನೂ ಆಗಿನ ಮೊಮ್ಮಗಳೂ ಕೂಡಿ ಕಲಿಯುತ್ತಿದ್ದರು. ನಾನು ಅದನ್ನು ನೋಡಿಕೊಂಡೇ ಆಫೀಸಿಗೆ ಹೊರಡುತ್ತಿದ್ದೆ, ಎಷ್ಟೋ ದಿನ ಬಸ್ಸು ತಪ್ಪಿಸಿಕೊಂಡೆ.

ಪಾಠಗಳ ಇನ್ನೊಂದು ಪ್ರತಿ ಇರಲಿಲ್ಲವೇ ಎಂದು ಕೇಳಬೇಡಿ. ಇತ್ತು, ಹೊರಗಿನ ಒಂದು ಪುಟ್ಟ ಡಿಸ್ಕಿನಲ್ಲಿ. ಅದು ಮಳೆಗಾಲದಲ್ಲಿ ಕಪಾಟಿನಿಂದ ಕೆಳಗೆ ಬಿದ್ದು ಸತ್ತಿತು. ಬೀಳಿಸಿದವರು ಯಾರು ಎಂಬ ವಿಷಯದಲ್ಲಿ ನನ್ನ ಯಜಮಾನರಿಗೂ ನನಗೂ ಇನ್ನೂ ಒಮ್ಮತವಿಲ್ಲ.

ಹೀಗಿರುವಾಗ ದಸರೆಯ ನವಮಿ ಬಂತು. ನಾವು ಆಯುಧಪೂಜೆ ಎನ್ನುವುದನ್ನು ಅತ್ತೆ ಖಂಡಿ ಪೂಜಿ ಎನ್ನುತ್ತಾರೆ. ಆ ದಿನ ನಾಚಾರಂನ ಶೆಡ್ಡುಗಳಲ್ಲೆಲ್ಲ ಯಂತ್ರ ನಿಲ್ಲಿಸಿ, ತೊಳೆದು, ಹೂವೇರಿಸುತ್ತಾರೆ. ನಮ್ಮ ಬೀದಿ ಅಷ್ಟು ನಿಶ್ಶಬ್ದವಾಗುವುದು ಅವತ್ತೊಂದೇ ದಿನ. ಮಗಳು ಮೈಸೂರಿನ ನನ್ನ ತವರಿಗೆ ದಸರೆ ನೋಡಲು ಹೋಗಿದ್ದಳು. ನಾನೂ ಯಜಮಾನರೂ ಹೂವು ಹಣ್ಣು ತರಲು ಹೋಗಿ ಬರುವಷ್ಟರಲ್ಲಿ ಅತ್ತೆ ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರ, ಪೆಟ್ಟಿಗೆ, ಎಲ್ಲಕ್ಕೂ ಪೂಜೆ ಮುಗಿಸಿದ್ದರು. ಪೆಟ್ಟಿಗೆಯ ನೆತ್ತಿಯ ಮೇಲೆ ಚೆಂಡುಹೂವು ಕೂತಿತ್ತು. ಪಾಠದ ಹೊತ್ತಾಗಿದೆಯೆಂದು ಯಜಮಾನರು ಸ್ವಿಚ್ ಹಾಕಿದರು.

ಪಾಠ ಬರಲಿಲ್ಲ. ಪೆಟ್ಟಿಗೆಗೆ ಜೋಡಿಸಿದ್ದ ಟಿವಿಯ ಪರದೆಯ ಮೇಲೆ ಸಾಲುಸಾಲು ದೂರು ಬಂತು: ಫೈಲ್‌ಸಿಸ್ಟಮ್ ಓದಲಾಗುತ್ತಿಲ್ಲ, ನಕ್ಷೆ ಅರ್ಥವಾಗುತ್ತಿಲ್ಲ, ಸರಿಪಡಿಸಲೇ? ಯಜಮಾನರು ಹೌದು ಒತ್ತಿಬಿಡು, ತಾನೇ ರಿಪೇರಿ ಮಾಡಿಕೊಳ್ಳುತ್ತದೆ ಎಂದರು. ಕೀಬೋರ್ಡಿನ ಮೇಲೆ ಹೋದ ಅವರ ಬೆರಳಿಗೆ ನಾನು ಪಟ್ಟನೆ ಹೊಡೆದೆ. ಹಬ್ಬದ ದಿನ ಗಂಡನಿಗೆ ಹೊಡೆದವಳು ಎಂಬ ಹೆಸರು ಬಂದರೂ ಚಿಂತೆಯಿಲ್ಲ, ನನ್ನ ಕಸುಬಿನ ಮೊದಲ ಪಾಠವೇ ಅದು. ಏನಾಗಿದೆ ಎಂದು ತಿಳಿಯುವ ಮೊದಲು ರಿಪೇರಿಗೆ ಒಪ್ಪಬಾರದು. ಆ ಪ್ರೋಗ್ರಾಮಿಗೆ ಅರ್ಥವಾಗದೆ ಹೋದರೂ ಅದು ಸುಮ್ಮನೆ ಕೂರುವುದಿಲ್ಲ; ತನಗೆ ತೋಚಿದ್ದನ್ನು ತುಂಬಿಸಿ, ಹೊಂದದ್ದನ್ನು ಕಿತ್ತು ಎಸೆದು, ಎಲ್ಲ ಸರಿಯಾಯಿತು ಎಂದು ವರದಿ ಕೊಡುತ್ತದೆ. ಆಮೇಲೆ ಬ್ರಹ್ಮ ಬಂದರೂ ಹಳೆಯದು ಸಿಗುವುದಿಲ್ಲ.

ಬೇಡ ಎಂದು ಒತ್ತಿ, ಇನ್ನು ಮುಂದೆ ಓದುವುದು ಮಾತ್ರ, ಒಂದಕ್ಷರವೂ ಬರೆಯುವಂತಿಲ್ಲ ಎಂದು ಮೆಷಿನ್ನಿಗೆ ಕಟ್ಟುಹಾಕಿ ಕೂತೆ. ಮಾವ ಎಂದಿನಂತೆ ಪೆಟ್ಟಿಗೆಯ ಎದುರಿನ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು, ಮುಂದೆ ಬದನೆಕಾಯಿ ತಟ್ಟೆ. ಅತ್ತೆ ಪಕ್ಕಕ್ಕೆ ಬಂದು ತಾವೇ ಒಂದು ಬದನೆಕಾಯಿ ಎತ್ತಿ, ಬದನಿಕಾಯಿ ಅನ್ರಿ ಎಂದು ಬೇಡಿಕೊಂಡರು. ಮಾವ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ನನಗೆ ಆಗ ಹೆದರಿಕೆಯಾಯಿತು. ಆಫೀಸಿನಲ್ಲಿ ಇದಕ್ಕಿಂತ ದೊಡ್ಡ ಯಂತ್ರಗಳು ಕಣ್ಣೆದುರೇ ಮಲಗಿದ್ದನ್ನು ನೋಡಿದ್ದೇನೆ. ಇಲ್ಲಿ ಹೋಗುವುದು ಒಬ್ಬ ಮನುಷ್ಯನ ಮಾತು.

ಕೇಬಲ್ಲು ನೋಡಿದೆ, ಕಾರ್ಡು ನೋಡಿದೆ, ಒಂದೊಂದು ಡಿಸ್ಕನ್ನೂ ಹೊರತೆಗೆಯದೆ, ಕೀಬೋರ್ಡಿನಿಂದಲೇ ಬೇರೆಬೇರೆಯಾಗಿ ವಿಚಾರಿಸಿದೆ. ನಾಲ್ಕೂ ಆರೋಗ್ಯವಾಗಿದ್ದವು. ಒಂದೇ ಒಂದು ಕಲೆಯಿಲ್ಲ, ಸವೆತವಿಲ್ಲ, ಕೇಳಿದ್ದಕ್ಕೆಲ್ಲ ಚುರುಕಾಗಿ ಉತ್ತರ. ಆದರೆ ನಾಲ್ಕೂ ಸೇರಿ ಹೇಳುವ ಮಾತಿಗೆ ಮಾತ್ರ ತಲೆಬುಡವಿಲ್ಲ. ಕುರ್ಚಿಯಲ್ಲಿದ್ದವರನ್ನು ನೋಡಿದೆ. ಅವರ ಸ್ಥಿತಿಯೂ ಇದೇ ಅಲ್ಲವೇ ಎನಿಸಿತು.

ಊಟದ ಹೊತ್ತಿಗೆ ಅತ್ತೆ ಹೋಳಿಗೆ ಬಡಿಸಿದರು. ನಮ್ಮ ಮನೆಯಲ್ಲಿ ಅತ್ತೆ ಎಲ್ಲರದೂ ಆದ ಮೇಲೆ, ಒಳಗೆ ಒಬ್ಬರೇ ಕೂತು ಉಣ್ಣುವುದು. ಎಷ್ಟು ಹೇಳಿದರೂ ಬಿಟ್ಟಿಲ್ಲ. ಮಾವ ಉಣ್ಣದೆ ಕೈಯನ್ನು ಅಡುಗೆಮನೆಯ ಕಡೆ ಚಾಚಿ "ಇದು, ಇದು" ಎಂದರು. ಯಜಮಾನರು ತುಪ್ಪ ತಂದರು. ಅಲ್ಲವೆಂದು ತಲೆಯಾಡಿಸಿದರು. ನಾನು ಉಪ್ಪಿನಕಾಯಿ ಇಟ್ಟೆ, ನೀರು ಕೊಟ್ಟೆ, ಕನ್ನಡಕ ಕೊಟ್ಟೆ. ಡಾಕ್ಟರಮ್ಮ ಕಾಯಿರಿ ಎಂದದ್ದು ನೆನಪಿಗೆ ಬರುವಷ್ಟು ವ್ಯವಧಾನ ನನಗಿರಲಿಲ್ಲ, ತಲೆಯೆಲ್ಲ ಪೆಟ್ಟಿಗೆಯೊಳಗಿತ್ತು. ಕೊನೆಗೆ ಮಾವ ಸೋತು ತಟ್ಟೆ ಸರಿಸಿದರು.

ಊಟವಾದ ಮೇಲೆ ಮತ್ತೆ ಕೂತು ಪ್ರತಿ ಡಿಸ್ಕಿನ ಮೊದಲ ಭಾಗವನ್ನು ತೆರೆದು ಓದಿದೆ. ನಕ್ಷೆಯ ತಲೆಬರಹ ಯಾವಾಗಲೂ ಮೊದಲ ಗೂಡಿನ ಡಿಸ್ಕಿನಲ್ಲಿರಬೇಕು. ಅದು ಮೂರನೆಯ ಗೂಡಿನಲ್ಲಿ ಸಿಕ್ಕಿತು. ಡಿಸ್ಕುಗಳಿಗೆ ಕಾಲಿಲ್ಲ, ಅಂದರೆ ಯಾರೋ ಎತ್ತಿ ಕೂರಿಸಿದ್ದಾರೆ. ಮೆಷಿನ್ ನಿಲ್ಲಿಸಿ ಮೂರನೆಯ ಡ್ರಾಯರ್ ಎಳೆದೆ. ಡಿಸ್ಕಿನ ಮೈಮೇಲೆ ಮೂರು ಬೆರಳಿನ ವಿಭೂತಿ, ದಟ್ಟವಾಗಿ, ಬೆಳ್ಳಗೆ ಒಣಗಿತ್ತು.

ಸಿಟ್ಟು ನೆತ್ತಿಗೇರಿತು. ಡಿಸ್ಕನ್ನು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. ಅತ್ತೆ ನೆಲದ ಮೇಲೆ, ಗೋಡೆಗೆ ಒರಗಿ ಸುಮ್ಮನೆ ಕೂತಿದ್ದರು. ನನ್ನ ಕೈಯಲ್ಲಿದ್ದುದನ್ನು ನೋಡಿದ ಕೂಡಲೇ ಅವರ ಮುಖ ಇಳಿದುಹೋಯಿತು.

"ನಂದs ತಪ್ಪೈತೇನವಾ?" ಎಂದರು. "ಪೂಜಿ ಮಾಡಿದ ಮ್ಯಾಲೇ ನಿಂತೈತಿ. ಮುಂಜಾನಿಂದ ಅದನ್ನs ಕೇಳ್ಕೋತ ಕುಂತೀನಿ."

ಯಾಕೆ ತೆಗೆಯಲು ಹೋದಿರಿ ಎಂದು ನಾನು ದನಿಯೇರಿಸಿಯೇ ಕೇಳಿದೆ. ಅವರು ತಲೆ ತಗ್ಗಿಸಿಕೊಂಡು ಹೇಳಿದರು. ಪ್ರತಿ ವರ್ಷ ಖಂಡಿ ಪೂಜೆಯ ದಿನ ಮಾವ ತಾವೇ ನಾಲ್ಕೂ ಡಿಸ್ಕ್ ಹೊರತೆಗೆದು, ಮಣೆಯ ಮೇಲಿಟ್ಟು, ಧೂಳು ಒರೆಸಿ, ಮತ್ತೆ ಕೂರಿಸುತ್ತಿದ್ದರು. ಈ ವರ್ಷ ಅವರ ಕೈಯಲ್ಲಿ ಆಗುವುದಿಲ್ಲ. ಆದ್ದರಿಂದ ಅತ್ತೆ ಪ್ಲಗ್ ಕಿತ್ತು, ಅವರು ಮಾಡುತ್ತಿದ್ದ ಹಾಗೆಯೇ ಮಾಡಿದರು.

"ಎಲ್ಲಾದಕ್ಕೂ ಹೊರಗಿಂದs ಪೂಜಿ ಮಾಡ್ದೆ," ಎಂದರು. "ಇದಕ್ಕ ಹಂಗ ಮಾಡಾಕ ಮನಸಾಗ್ಲಿಲ್ಲವ್ವಾ. ಅವರ ಬಾಯಾಗ ಮಾತ ತರಾಕತ್ತಿದ್ದು ಇದs ಅಲ್ಲೇನು? ಒಳಗಿನ ದೇವ್ರಿಗೆ ಹಚ್ಚೋಣು ಅಂತ ಹಚ್ಚಿದೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನಾನೂ ಅವರ ಎದುರಿಗೆ ನೆಲದ ಮೇಲೆ ಕೂತುಬಿಟ್ಟೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಆ ಹೆಂಗಸಿನ ಮೇಲೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು. ಹೇಳಿದರೆ ನಾಚಿಕೊಳ್ಳುತ್ತಾರೆ, ಆದ್ದರಿಂದ ಇಲ್ಲಿ ಬರೆದಿದ್ದೇನೆ.

ಆದರೆ ಪ್ರೀತಿಯಿಂದ ನಕ್ಷೆ ಕೂಡುವುದಿಲ್ಲ. ಯಾವುದನ್ನು ಎಲ್ಲಿಂದ ತೆಗೆದಿರಿ ಎಂದು ಕೇಳಿದೆ. ದೇವರ ಕಟ್ಟೆ ಒರೆಸುವಾಗ ಮಾಡುವಂತೆ ಮೇಲಿನಿಂದ ಕೆಳಕ್ಕೆ ಒಂದೊಂದೇ ತೆಗೆದು ಮಣೆಯ ಮೇಲೆ ಎಡದಿಂದ ಸಾಲಾಗಿ ಇಟ್ಟೆ ಎಂದರು. ಅದು ಅವರಿಗೆ ಖಚಿತವಾಗಿ ನೆನಪಿತ್ತು. ಮತ್ತೆ ಕೂರಿಸುವಾಗ ಮಾತ್ರ ನಾಲ್ಕೂ ಒಂದೇ ಥರ ಇವೆಯಲ್ಲ ಎಂದು ಕೈಗೆ ಸಿಕ್ಕಿದ್ದನ್ನು ಸಿಕ್ಕಲ್ಲಿ ತಳ್ಳಿದ್ದರು. ಹಾಗಾದರೆ ಸಾಲಿನಲ್ಲಿ ಮೊದಲನೆಯದು ಯಾವುದು, ಕೊನೆಯದು ಯಾವುದು ಎಂದರೆ ಅದು ಅವರಿಗೆ ಹೇಗೆ ಗೊತ್ತಾಗಬೇಕು?

ತಲೆಬರಹವಿದ್ದ ಒಂದು ನನಗೆ ಗೊತ್ತು. ಉಳಿದ ಮೂರನ್ನು ಅದಲುಬದಲು ಮಾಡುತ್ತ ನೋಡಬಹುದಿತ್ತು. ಆದರೆ ಆ ಹಳೆಯ ಕಾರ್ಡನ್ನು ನಾನು ನಂಬಲಿಲ್ಲ; ತಪ್ಪು ಸಾಲನ್ನು ಕಂಡು ತಾನೇ ಲೆಕ್ಕ ತಿದ್ದಲು ಹೊರಟರೆ ಮುಗಿಯಿತು. ಒಂದೇ ಸಲಕ್ಕೆ ಸರಿಯಾಗಿ ಕೂರಿಸಬೇಕಿತ್ತು. ಉಳಿದ ಮೂರು ಡಿಸ್ಕುಗಳನ್ನೂ ತಂದು ಅತ್ತೆಯ ಮುಂದೆ ಇಟ್ಟೆ.

ಇಟ್ಟಾಗ ಕಣ್ಣಿಗೆ ಬಿತ್ತು. ಕೈಯಲ್ಲಿದ್ದ ಡಿಸ್ಕಿನ ವಿಭೂತಿ ದಟ್ಟವಾಗಿತ್ತು. ಇನ್ನೊಂದರದು ಸ್ವಲ್ಪ ತೆಳು, ಮತ್ತೊಂದರದು ಅದಕ್ಕಿಂತ ತೆಳು, ಇನ್ನೊಂದರ ಮೇಲೆ ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು. ಪ್ರತಿಯೊಂದಕ್ಕೂ ಬೆರಳು ಅದ್ದಲಿಲ್ಲವೇ ಎಂದು ಕೇಳಿದೆ. ಇಲ್ಲವಂತೆ. ಮಿಷಿನ್ನಿಗೆ ನೀರು ಆಗುವುದಿಲ್ಲ ಎಂದು ಮಾವ ಯಾವಾಗಲೂ ಹೇಳುತ್ತಿದ್ದರು. ಅದಕ್ಕೇ ಅತ್ತೆ ಮೊದಲಿಗೆ ಒಂದು ಸಲ ಮಾತ್ರ ನೆನೆಸಿದ ವಿಭೂತಿಯಲ್ಲಿ ಬೆರಳು ಅದ್ದಿ, ಅದರಲ್ಲೇ ಎಡದಿಂದ ಸಾಲಾಗಿ ನಾಲ್ಕಕ್ಕೂ ಎಳೆದಿದ್ದರು. ದಟ್ಟವಾಗಿದ್ದದ್ದು ಮೊದಲನೆಯದು, ತಲೆಬರಹವೂ ಅದರಲ್ಲೇ. ಎರಡೂ ತಾಳೆಯಾದವು.

ದಟ್ಟವಾದದ್ದನ್ನು ಮೇಲೆ, ಕಾಣದಷ್ಟು ತೆಳುವಾದದ್ದನ್ನು ಕೆಳಗೆ ಇಟ್ಟು ಸ್ವಿಚ್ ಹಾಕಿದೆ. ನಕ್ಷೆ ತೆರೆದುಕೊಂಡಿತು. ಪ್ಲಗ್ ಕಿತ್ತದ್ದರಿಂದ ಆಗಿದ್ದ ನಾಲ್ಕಾರು ಸಣ್ಣ ದೋಷಗಳನ್ನು ಬಿಟ್ಟರೆ ಎಲ್ಲವೂ ಇದ್ದಲ್ಲೇ ಇತ್ತು: ತರಕಾರಿ, ಪಾತ್ರೆ, ಬಟ್ಟೆ, ಎಲ್ಲ ಪಾಠಗಳೂ. ಒಂದನ್ನು ಹಾಕಿ ಕೇಳಿಬಿಡೋಣ ಎಂದು ಯಜಮಾನರು ಒದ್ದಾಡಿದರು. ಮೊದಲು ಪ್ರತಿಯಾಗಲಿ ಎಂದು ನಾನು ಬಿಡಲಿಲ್ಲ. ಹಬ್ಬಕ್ಕೆ ಹತ್ತಿರದ ಅಂಗಡಿಗಳೆಲ್ಲ ಮುಚ್ಚಿದ್ದವು. ಅವರ ಪರಿಚಯದವರ ಒಂದು ಅಂಗಡಿ ಮೆಹದಿಪಟ್ಟಣಂನಲ್ಲಿ ತೆರೆದಿತ್ತು, ಅಂದರೆ ಊರಿನ ಆ ತುದಿ. ಹಳೆಯ ಡಿಸ್ಕ್ ಬೀಳಿಸಿದವರೇ ಹೋಗಿ ಹೊಸದನ್ನು ತರುವುದು ನ್ಯಾಯ ಎಂದೆ. ಅವತ್ತು ಮಾತ್ರ ಅವರು ವಾದ ಮಾಡಲಿಲ್ಲ.

ಪ್ರತಿಯಾಗುವುದು ಮುಗಿದಾಗ ವಿಜಯದಶಮಿಯ ಬೆಳಿಗ್ಗೆ. ಹೊಸ ಡಿಸ್ಕಿನಲ್ಲಿ ಎಲ್ಲ ಪಾಠಗಳೂ ಇವೆಯೆಂದು ನೋಡಿಕೊಂಡ ಮೇಲೆಯೇ ನಾನು ರಿಪೇರಿಗೆ ಹೌದು ಒತ್ತಿದೆ. ಯಜಮಾನರು ಬೀದಿಯ ತುದಿಯಿಂದ ಬನ್ನಿ ಸೊಪ್ಪು ತಂದರು, ಇಲ್ಲಿಯವರು ಜಮ್ಮಿ ಎನ್ನುತ್ತಾರೆ, ಪೆಟ್ಟಿಗೆಯ ಮೇಲೆ ಒಂದಿಷ್ಟು ಇಟ್ಟರು. ಮಾವ ಬಂದು ಕುರ್ಚಿಯಲ್ಲಿ ಕೂತರು. ಅತ್ತೆ ಬದನೆಕಾಯಿ ತಟ್ಟೆ ತಂದಿಟ್ಟು ಬಾಗಿಲ ಹತ್ತಿರ, ಅಪರಾಧಿಯ ಹಾಗೆ ನಿಂತರು. ನಾನು ಪಾಠ ಹಾಕಿದೆ.

ಮಾವನ ಹಳೆಯ ದನಿ ನಕ್ಕಿತು. "ವಂಕಾಯ ಅಲ್ಲವ್ವಾ. ಬದನಿಕಾಯಿ. ಎಲ್ಲಿ, ಅನ್ನು ನೋಡೋಣು."

ಮೌನ. ಮಗುವಿನ ದನಿ ಬದನಿಕಾಯಿ ಎಂದಿತು. ಮಾವ ಅನ್ನಲಿಲ್ಲ. ತಪ್ಪಿದ ಒಂದೇ ದಿನಕ್ಕೆ ಇದೂ ಹೋಯಿತೇ ಎಂದುಕೊಂಡೆ. ಅವರು ತಟ್ಟೆಯನ್ನು ನೋಡುತ್ತಲೇ ಇರಲಿಲ್ಲ. ಬಾಗಿಲ ಕಡೆ ತಿರುಗಿ, ಅತ್ತೆಯತ್ತ ಕೈ ಚಾಚಿ, "ಇದು" ಎಂದರು. ಯಜಮಾನರು ಏನೋ ತರಲು ಎದ್ದರು. ನಾನು ಅವರ ತೋಳು ಹಿಡಿದು ಕೂರಿಸಿದೆ. ಮಾವನ ತುಟಿ ಎರಡು ಮೂರು ಸಲ ಕೂಡಿ ಬಿಟ್ಟಿತು, ಹಣೆಯ ಮೇಲೆ ಬೆವರು ಬಂತು. ನಾವು ಕಾದೆವು.

"ನೀ," ಎಂದರು. ಆಮೇಲೆ ಬಹಳ ಹೊತ್ತಿನ ಮೇಲೆ, "ಉಣ್ಣು."

ನನಗೆ ಆಗ ತಿಳಿಯಿತು. ನವಮಿಯ ಬೆಳಿಗ್ಗೆಯಿಂದ ಅತ್ತೆ ಒಂದು ತುತ್ತೂ ತಿಂದಿರಲಿಲ್ಲ. ಪೆಟ್ಟಿಗೆ ಮಾತಾಡುವ ತನಕ ಉಣ್ಣುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದರಂತೆ. ಎಲ್ಲರೂ ಆದ ಮೇಲೆ ಒಳಗೆ ಕೂತು ಉಣ್ಣುವವರು ಉಂಡರೋ ಬಿಟ್ಟರೋ ಯಾರು ನೋಡುತ್ತಾರೆ? ಪೂಜೆಯಾದ ಮೇಲೂ ಅವರು ಬೆಳಗಿನ ತಿಂಡಿ ಮುಟ್ಟದ್ದನ್ನು ಮಾವ ನೋಡಿದ್ದರು. ಹಿಂದಿನ ದಿನ ಊಟದ ಹೊತ್ತಿನಲ್ಲಿ ಅಡುಗೆಮನೆಯ ಕಡೆ ಕೈ ಚಾಚಿ ಅವರು ಹೇಳಲು ಹೊರಟಿದ್ದೂ ಇದನ್ನೇ. ನಾವು ತುಪ್ಪ, ಉಪ್ಪಿನಕಾಯಿ, ಕನ್ನಡಕ ತುಂಬಿಸಿ ಅವರ ಬಾಯಿ ಮುಚ್ಚಿಸಿದ್ದೆವು. ಆಮೇಲೆ ನಾನು ಎಲ್ಲ ಪಾಠಗಳನ್ನೂ ಒಂದೊಂದಾಗಿ ಕೇಳಿದ್ದೇನೆ. ಉಣ್ಣು ಎಂಬ ಮಾತು ಯಾವುದರಲ್ಲೂ ಇಲ್ಲ.

ಅತ್ತೆ ಒಳಗೆ ಹೋಗಿ ತಟ್ಟೆಯಲ್ಲಿ ಹಿಂದಿನ ದಿನದ ಹೋಳಿಗೆ ಹಾಕಿಕೊಂಡು ಬಂದರು. ನನಗೆ ತಿಳಿದಂತೆ ಮೊದಲ ಬಾರಿಗೆ ನಡುಮನೆಯಲ್ಲಿ, ಮಾವನ ಕುರ್ಚಿಯ ಪಕ್ಕ ನೆಲದ ಮೇಲೆ, ಎಲ್ಲರ ಎದುರಿಗೆ ಕೂತು ಉಂಡರು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮಾವ ಪ್ರತಿ ತುತ್ತನ್ನೂ ನೋಡುತ್ತ ಕೂತರು. ಪೆಟ್ಟಿಗೆಯೊಳಗೆ ನನ್ನ ಮಗಳು ಬದನಿಕಾಯಿ ಮುಗಿಸಿ ಸೌತಿಕಾಯಿಗೆ ಬಂದಿದ್ದಳು, ಪಾಠವನ್ನು ನಿಲ್ಲಿಸಲು ಯಾರೂ ಏಳಲಿಲ್ಲ.